ಬ್ಯಾಂಕು ಮತ್ತು ವಿಮಾ ಸಂಸ್ಥೆಗಳಲ್ಲಿ ಅಪಾಯಾಧಾರಿತ ಆಂತರಿಕ ನಿಯಂತ್ರಣ: ನಿಡುಗಲ್ ಸೀಮೆಯ ಹಿನ್ನೆಲೆಯಲ್ಲಿ

ಬ್ಯಾಂಕು ಅಥವಾ ವಿಮಾ ಸಂಸ್ಥೆ ತನ್ನ ಹಣ, ದಾಖಲೆ ಮತ್ತು ಗ್ರಾಹಕರ ಹಿತ ಕಾಪಾಡಲು ಒಳಗೇ ಕಟ್ಟಿಕೊಂಡ ಕಾವಲು ವ್ಯವಸ್ಥೆಗೆ ಆಂತರಿಕ ನಿಯಂತ್ರಣ ಎನ್ನುತ್ತಾರೆ. ಎಲ್ಲ ಶಾಖೆ, ಎಲ್ಲ ಖಾತೆಗಳಿಗೂ ಒಂದೇ ಅಳತೆಯ ಕಾವಲು ಹಾಕದೆ, ನಷ್ಟದ ಸಂಭವ ಎಲ್ಲಿ ಹೆಚ್ಚೋ ಅಲ್ಲಿಗೆ ಹೆಚ್ಚು ಜನ, ಹೆಚ್ಚು ಸಮಯ, ಹೆಚ್ಚು ಅನುಮಾನ ತಿರುಗಿಸುವುದು ಅದರ ಅಪಾಯಾಧಾರಿತ ರೂಪ. ಈ ತತ್ವ ಬೆಳೆದದ್ದು ಲಂಡನ್, ಬಾಸೆಲ್, ಮುಂಬೈಗಳ ಕಚೇರಿಗಳಲ್ಲಿ. ಅದರ ನಿಜವಾದ ಪರೀಕ್ಷೆ ಮಾತ್ರ ಮಳೆಯನ್ನೇ ನಂಬಿದ ಸಣ್ಣ ಶಾಖೆಗಳಲ್ಲಿ ನಡೆಯುತ್ತದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಿಂದ ಹೆಸರು ಪಡೆದು, ಒಂದು ಕಾಲಕ್ಕೆ ನಿಡುಗಲ್ ಚೋಳರ ಆಳ್ವಿಕೆಯಲ್ಲಿದ್ದ ಸೀಮೆ, ಅಂದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು, ಇದಕ್ಕೆ ಒಳ್ಳೆಯ ನಿದರ್ಶನ. ಇಲ್ಲಿ ಬ್ಯಾಂಕಿನ ಅಪಾಯ ಬೇರೆ, ವಿಮಾ ಕಂಪನಿಯ ಅಪಾಯ ಬೇರೆ ಅಲ್ಲ. ಆಗಸ್ಟಿನಲ್ಲಿ ಶೇಂಗಾ ಗಿಡ ಊಡು ಇಳಿಸುವ ಹೊತ್ತಿಗೆ ಮೂರು ವಾರ ಮಳೆ ತಪ್ಪಿದರೆ ಎರಡೂ ಸಂಸ್ಥೆಗಳ ಲೆಕ್ಕ ಒಟ್ಟಿಗೇ ಏರುಪೇರಾಗುತ್ತದೆ.

ತತ್ವ ಬೆಳೆದ ಬಗೆ

ಲೆಕ್ಕ ತಪಾಸಣೆ ಈ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಶಾನುಭೋಗರ ಕಡತಗಳನ್ನು ವರ್ಷಕ್ಕೊಮ್ಮೆ ಮೇಲಧಿಕಾರಿ ಬಂದು ನೋಡುವ ಜಮಾಬಂದಿ ನಡೆಯುತ್ತಿತ್ತು. ಗ್ರಾಮ ಪಂಚಾಯಿತಿಗಳಲ್ಲಿ ಅದೇ ಹೆಸರಿನ ಪದ್ಧತಿ ಇಂದಿಗೂ ಇದೆ. ಬ್ಯಾಂಕುಗಳ ಹಳೆಯ ಇನ್‌ಸ್ಪೆಕ್ಷನ್ ಕೂಡ ಸ್ವಭಾವದಲ್ಲಿ ಜಮಾಬಂದಿಯೇ: ಎಲ್ಲ ಊರಿಗೂ ಸರದಿಯ ಭೇಟಿ, ಎಲ್ಲ ವೋಚರಿಗೂ ಟಿಕ್ ಗುರುತು, ಕೊನೆಗೆ ಷರಾ. ಇದರಿಂದ ಕೈತಪ್ಪುಗಳು ಸಿಗುತ್ತಿದ್ದವು. ಜಾಣ ಮೋಸ ಸಿಗುತ್ತಿದ್ದುದು ಅಪರೂಪ.

1995ರ ಫೆಬ್ರುವರಿಯಲ್ಲಿ, 1762ರಷ್ಟು ಹಳೆಯದಾದ ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ಕುಸಿದದ್ದು ಜಗತ್ತಿನ ಕಣ್ಣು ತೆರೆಸಿತು. ಸಿಂಗಪುರ ಶಾಖೆಯಲ್ಲಿ ನಿಕ್ ಲೀಸನ್ ತಾನೇ ವಹಿವಾಟು ಮಾಡಿ, ತಾನೇ ಅದರ ಲೆಕ್ಕ ಚುಕ್ತಾ ಮಾಡುತ್ತಿದ್ದ. 88888 ಎಂಬ ಖಾತೆಯಲ್ಲಿ ಅಡಗಿಸಿದ ನಷ್ಟ ಸುಮಾರು 82 ಕೋಟಿ ಪೌಂಡ್ ದಾಟಿತು. ಮಾಡುವವನೂ ಪರಿಶೀಲಿಸುವವನೂ ಒಬ್ಬನೇ ಆಗಬಾರದೆಂಬ ಸರಳ ನಿಯಮ ಅಲ್ಲಿ ಮುರಿದಿತ್ತು. 1998ರಲ್ಲಿ ಬ್ಯಾಂಕ್ ಮೇಲ್ವಿಚಾರಕರ ಅಂತರರಾಷ್ಟ್ರೀಯ ವೇದಿಕೆಯಾದ ಬಾಸೆಲ್ ಸಮಿತಿ ಬ್ಯಾಂಕುಗಳ ಆಂತರಿಕ ನಿಯಂತ್ರಣದ ಚೌಕಟ್ಟನ್ನು ಪ್ರಕಟಿಸಿತು.

ಭಾರತದಲ್ಲಿ ವಂಚನೆಗಳ ಬಗ್ಗೆ ಘೋಷ್ ಸಮಿತಿ ವರದಿ ಕೊಟ್ಟ ಬೆನ್ನಿಗೆ, 1993ರಲ್ಲಿ, ದೊಡ್ಡ ಶಾಖೆಗಳಿಗೆ ಕನ್‌ಕರೆಂಟ್ ಆಡಿಟ್, ಅಂದರೆ ವ್ಯವಹಾರ ನಡೆಯುತ್ತಿರುವಾಗಲೇ ತಪಾಸಣೆ, ಬಂತು. ಜಿಲಾನಿ ಸಮಿತಿ ಒಳ ತಪಾಸಣೆಯ ಕ್ರಮವನ್ನು ಪರಿಷ್ಕರಿಸಿತು. ಅಪಾಯಾಧಾರಿತ ಆಂತರಿಕ ಲೆಕ್ಕಪರಿಶೋಧನೆಯ ಮಾರ್ಗದರ್ಶಿಯನ್ನು ರಿಸರ್ವ್ ಬ್ಯಾಂಕ್ ಹೊರಡಿಸಿದ್ದು 2002ರ ಡಿಸೆಂಬರಿನಲ್ಲಿ. 2021ರ ಜನವರಿಯಲ್ಲಿ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥರ ಸ್ಥಾನಮಾನ ಮತ್ತು ಕನಿಷ್ಠ ಅವಧಿಯನ್ನು ಅದು ಬಿಗಿಗೊಳಿಸಿತು. ಮರು ತಿಂಗಳು ದೊಡ್ಡ ಬ್ಯಾಂಕೇತರ ಹಣಕಾಸು ಸಂಸ್ಥೆಗಳನ್ನೂ, 500 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಆಸ್ತಿಯ ಪಟ್ಟಣ ಸಹಕಾರ ಬ್ಯಾಂಕುಗಳನ್ನೂ ಇದೇ ಚೌಕಟ್ಟಿಗೆ ತಂದು, 2022ರ ಮಾರ್ಚ್ 31ರ ಗಡುವು ಹಾಕಿತು.

ಒಂಬತ್ತು ಮನೆಗಳ ಕೋಷ್ಟಕ

2002ರ ಮಾರ್ಗದರ್ಶಿಯ ತಿರುಳು ಒಂದು ಕೋಷ್ಟಕ. ಒಂದು ಬದಿಗೆ ವ್ಯವಹಾರದಲ್ಲೇ ಇರುವ ಅಪಾಯ, ಇನ್ನೊಂದು ಬದಿಗೆ ನಿಯಂತ್ರಣ ಸಡಿಲವಾಗಿರುವ ಅಪಾಯ. ಎರಡಕ್ಕೂ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಮಟ್ಟ. ಒಟ್ಟು ಒಂಬತ್ತು ಮನೆ. ಪ್ರತಿ ಮನೆಯ ಅಪಾಯ ಏರುತ್ತಿದೆಯೇ, ಇಳಿಯುತ್ತಿದೆಯೇ, ನಿಂತಿದೆಯೇ ಎಂಬುದನ್ನೂ ಗುರುತಿಸಬೇಕು.

ಈ ಕೋಷ್ಟಕದಲ್ಲಿ ಓದುಗರ ಗಮನಕ್ಕೆ ಬಾರದೆ ಹೋಗುವ ಒಂದು ಮನೆ ಇದೆ. ವ್ಯವಹಾರದ ಅಪಾಯ ಹೆಚ್ಚಿದ್ದರೆ, ನಿಯಂತ್ರಣ ಎಷ್ಟೇ ಚೆನ್ನಾಗಿದ್ದರೂ ಒಟ್ಟು ಗುರುತು 'ಹೆಚ್ಚು' ಎಂದೇ ಉಳಿಯುತ್ತದೆ, ಕೆಳಗಿಳಿಯುವುದಿಲ್ಲ. ಪಾವಗಡದಂಥ ಕಡೆಯ ಶಾಖೆಯಲ್ಲಿ ಸಾಲದ ಬಹುಪಾಲು ಮಳೆಯಾಶ್ರಿತ ಶೇಂಗಾಕ್ಕೇ ಹೋಗಿದ್ದರೆ, ಅಲ್ಲಿನ ಮ್ಯಾನೇಜರು ಎಷ್ಟು ಕಟ್ಟುನಿಟ್ಟಾಗಿದ್ದರೂ ಆ ಶಾಖೆ ಕಡಿಮೆ ಅಪಾಯದ ಪಟ್ಟಿಗೆ ಬರಬಾರದು. ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಕಣ್ಣಿಗೆ ಅದು ಸಣ್ಣ ಮೊತ್ತದ, ಶಾಂತವಾದ ಶಾಖೆ. ಮೊತ್ತ ನೋಡಿ ಅಪಾಯ ಅಳೆಯುವುದು ಈ ಪದ್ಧತಿಯ ಅತ್ಯಂತ ಸಾಮಾನ್ಯ ತಪ್ಪು. ಒಂದೇ ಕಾರಣಕ್ಕೆ ಎಲ್ಲ ಸಾಲಗಳೂ ಒಟ್ಟಿಗೆ ನಿಲ್ಲುವ ಸಂಭವವನ್ನು ಮೊತ್ತ ಹೇಳುವುದಿಲ್ಲ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅಂಥ ವರ್ಷದಲ್ಲಿ ಹತ್ತಾರು ತಾಲ್ಲೂಕಿಗೆ ಸಾಲ ಹಂಚಿದ್ದೇವೆಂಬ ಸಮಾಧಾನಕ್ಕೂ ಅರ್ಥವಿಲ್ಲ.

ಸೀಮೆಯ ಸಂಸ್ಥೆಗಳು, ಅವುಗಳ ಮೇಲ್ವಿಚಾರಕರು

ಇಲ್ಲಿನ ರೈತ ಸಾಲ ಪಡೆಯುವುದು ಮೂರು ಬಾಗಿಲಲ್ಲಿ: ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ವ್ಯವಸಾಯ ಸೇವಾ ಸಹಕಾರ ಸಂಘ. ಹಿಂದೆ ತುಮಕೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕಲ್ಪತರು ಗ್ರಾಮೀಣ ಬ್ಯಾಂಕ್ ಕಾವೇರಿ ಕಲ್ಪತರುವಾಗಿ, ಕಾವೇರಿಯಾಗಿ, 2019ರಲ್ಲಿ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಕೂಡಿ, ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಪ್ರತಿ ವಿಲೀನದಲ್ಲೂ ತಪಾಸಣೆಯ ಕೈಪಿಡಿ ದಪ್ಪವಾಗುತ್ತದೆ. ಊರಿನ ಸಾಲಗಾರರ ಬಗ್ಗೆ ಹಳೆಯ ಸಿಬ್ಬಂದಿಗಿದ್ದ ತಿಳಿವಳಿಕೆ ತೆಳುವಾಗುತ್ತದೆ. ಈ ಎರಡನೆಯ ನಷ್ಟ ಯಾವ ಅಪಾಯ ಪಟ್ಟಿಯಲ್ಲೂ ಕಾಣಸಿಗದು.

ಸಹಕಾರ ವಲಯದಲ್ಲಿ ಮೇಲೆ ರಾಜ್ಯ ಅಪೆಕ್ಸ್ ಬ್ಯಾಂಕ್, ನಡುವೆ ತುಮಕೂರು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್, ಕೆಳಗೆ ಊರೂರಿನ ಸಂಘ. ಜಿಲ್ಲಾ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕನ್ನು ನಬಾರ್ಡ್ ಪರಿವೀಕ್ಷಿಸುತ್ತದೆ. ಸಂಘಗಳಿಗೆ ಅನ್ವಯವಾಗುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ: 63ನೇ ಪ್ರಕರಣದ ಲೆಕ್ಕಪರಿಶೋಧನೆ, 64ರ ವಿಚಾರಣೆ, 65ರ ಪರಿವೀಕ್ಷಣೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಅಲ್ಲಿಗೆ ತಲುಪುವುದಿಲ್ಲ. ಅಂದರೆ, ಅಪಾಯ ಹುಟ್ಟುವ ಜಾಗವಾದ ಹಳ್ಳಿಯ ಸಂಘದಲ್ಲಿ ಅಪಾಯಾಧಾರಿತ ತಪಾಸಣೆ ಅತ್ಯಂತ ದುರ್ಬಲ. ಎಷ್ಟೋ ಸಂಘಗಳಲ್ಲಿ ಒಬ್ಬ ಕಾರ್ಯದರ್ಶಿಯೇ ಅರ್ಜಿ ತೆಗೆದುಕೊಂಡು, ಲೆಡ್ಜರ್ ಬರೆದು, ನಗದು ಎಣಿಸುತ್ತಾರೆ. ಬೇರಿಂಗ್ಸ್‌ನಲ್ಲಿ ಹಗರಣವಾದದ್ದು ಇಲ್ಲಿ ಸಿಬ್ಬಂದಿ ಕೊರತೆಯ ಹೆಸರಿನಲ್ಲಿ ನಿತ್ಯದ ಕ್ರಮ. ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದೆ. ಗಣಕಯಂತ್ರ ಬಂದರೂ ಎರಡನೆಯ ಕೈ ಬಾರದಿದ್ದರೆ ದಾಖಲೆ ಅಂದವಾಗುತ್ತದೆ, ನಿಯಂತ್ರಣ ಹಾಗೇ ಇರುತ್ತದೆ.

ಆಡಳಿತ ಮಂಡಳಿ ಚುನಾಯಿತವಾದದ್ದು ಸಹಕಾರದ ಬಲ. ಅದೇ ಅದರ ಸೂಕ್ಷ್ಮ ಜಾಗ. ರಾಜ್ಯದುದ್ದಕ್ಕೂ ಸಹಕಾರಿ ನಾಯಕತ್ವ ಮತ್ತು ರಾಜಕೀಯ ನಾಯಕತ್ವ ಬೆರೆತಿವೆ. ಮಧುಗಿರಿಯ ಕೆ.ಎನ್. ರಾಜಣ್ಣ ಜಿಲ್ಲಾ ಬ್ಯಾಂಕಿನ ಅಧ್ಯಕ್ಷರಾಗಿದ್ದವರು, 2023ರಿಂದ 2025ರವರೆಗೆ ರಾಜ್ಯದ ಸಹಕಾರ ಸಚಿವರೂ ಆಗಿದ್ದರು. ಇದು ಯಾವುದೇ ಒಬ್ಬರ ಮೇಲಿನ ಮಾತಲ್ಲ. ಲೆಕ್ಕಪರಿಶೋಧಕ ಯಾರಿಗೆ ವರದಿ ಕೊಡುತ್ತಾನೆ ಎಂಬ ಪ್ರಶ್ನೆ ಸಹಕಾರ ವಲಯದಲ್ಲಿ ವಾಣಿಜ್ಯ ಬ್ಯಾಂಕಿಗಿಂತ ಕಠಿಣ ಎಂಬುದಷ್ಟೇ ಇಲ್ಲಿನ ಅಂಶ.

ಬೆಳೆ ಸಾಲ

ಅಲ್ಪಾವಧಿ ಬೆಳೆಯ ಸಾಲ ಎರಡು ಬೆಳೆ ಹಂಗಾಮು ಬಾಕಿ ಉಳಿದರೆ ವಸೂಲಾಗದ ಸಾಲ ಎನಿಸುತ್ತದೆ. ಬರ ಘೋಷಣೆಯಾಗಿ ಬೆಳೆ ಹಾನಿ ಶೇ 33 ದಾಟಿದಲ್ಲಿ ಮರುಹೊಂದಾಣಿಕೆಗೆ ಅವಕಾಶವಿದೆ. ಕಾಗದದ ಮೇಲೆ ಸ್ಪಷ್ಟ. ಆದರೆ ಕಂತು ತಪ್ಪಿದರೆ ಬಡ್ಡಿ ರಿಯಾಯಿತಿ ತಪ್ಪುತ್ತದೆ, ಶಾಖೆಯ ಬಾಕಿ ಪಟ್ಟಿ ಉದ್ದವಾಗುತ್ತದೆ. ಹೀಗಾಗಿ ರೈತನಿಗೂ ಶಾಖೆಗೂ ಬೇಕಾದ ಒಂದು ದಾರಿ ಬೆಳೆದಿದೆ. ರೈತ ಎರಡು ದಿನದ ಮಟ್ಟಿಗೆ ಕೈಸಾಲ ತಂದು ಹಳೆಯ ಸಾಲ ಕಟ್ಟುತ್ತಾನೆ, ಮರುದಿನ ಹೊಸ ಸಾಲ ಮಂಜೂರಾಗುತ್ತದೆ, ಕೈಸಾಲ ಬಡ್ಡಿಸಮೇತ ಹಿಂದಕ್ಕೆ ಹೋಗುತ್ತದೆ. ಹಳ್ಳಿಯಲ್ಲಿ ಇದಕ್ಕೆ 'ರಿನೀವಲ್' ಎನ್ನುತ್ತಾರೆ. ನಗದು ಕೈ ಬದಲಾಗದೆ ಪುಸ್ತಕದಲ್ಲೇ ಮುಗಿದರೆ 'ಬುಕ್ ಅಡ್ಜಸ್ಟ್‌ಮೆಂಟ್'. ಖಾತೆ ಜೀವಂತವಾಗಿ ಕಾಣುತ್ತದೆ, ಜಮೀನಿನಿಂದ ಒಂದು ರೂಪಾಯಿಯೂ ಬಂದಿರುವುದಿಲ್ಲ.

ಹಳೆಯ ತಪಾಸಣೆಗೆ ಇದು ಸಿಗುವುದಿಲ್ಲ, ಏಕೆಂದರೆ ಪ್ರತಿ ವೋಚರೂ ಸರಿಯಾಗಿದೆ. ಅಪಾಯಾಧಾರಿತ ತಪಾಸಕ ವೋಚರು ಬಿಟ್ಟು ದಿನಾಂಕಗಳನ್ನು ನೋಡುತ್ತಾನೆ: ಮರುಪಾವತಿಗೂ ಹೊಸ ಸಾಲಕ್ಕೂ ಎಷ್ಟು ದಿನದ ಅಂತರ, ಮಾರ್ಚ್ ತಿಂಗಳ ಕೊನೆಯಲ್ಲಿ ಎಷ್ಟು ಖಾತೆ ಗುಂಪಾಗಿ ನವೀಕರಣವಾಗಿವೆ, ಬರದ ವರ್ಷದಲ್ಲೂ ವಸೂಲಿ ನೂರಕ್ಕೆ ತೊಂಬತ್ತೈದು ಹೇಗೆ. ಬರದಲ್ಲಿ ವಸೂಲಿ ಚೆನ್ನಾಗಿದ್ದ ಶಾಖೆಯನ್ನು ಅಭಿನಂದಿಸುವ ಮೊದಲು ತಪಾಸಣೆಗೆ ಹಾಕಬೇಕು.

2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ರೈತರ ಸಾಲ ಮನ್ನಾ ಈ ವಿಷಯದಲ್ಲಿ ಒಂದು ಅನಿರೀಕ್ಷಿತ ಪಾಠ ಕೊಟ್ಟಿತು. ಸರ್ಕಾರ ಆಧಾರ್, ಪಡಿತರ ಚೀಟಿ ಮತ್ತು ಸರ್ವೆ ನಂಬರುಗಳನ್ನು ಎಲ್ಲ ಬ್ಯಾಂಕುಗಳ ಸಾಲದ ಪಟ್ಟಿಯೊಡನೆ ತಾಳೆ ನೋಡಿತು. ಒಂದೇ ಕುಟುಂಬದ, ಒಂದೇ ಜಮೀನಿನ ಮೇಲಿನ ಸಾಲಗಳನ್ನು ಒಂದು ಬ್ಯಾಂಕು ತನ್ನ ಗೋಡೆಯೊಳಗೆ ಕೂತು ಕಾಣಲಾಗದು. ಸಂಸ್ಥೆಗಳ ನಡುವಿನ ತಾಳೆಯಿಂದಷ್ಟೇ ಅದು ಕಾಣುತ್ತದೆ.

ಪಾವಗಡದ ಅಪಾಯದ ನಕ್ಷೆ ಇನ್ನೊಂದು ಕಾರಣಕ್ಕೂ ಬದಲಾಗಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಜಮೀನು ರೈತರ ಹೆಸರಲ್ಲೇ ಉಳಿದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಬರುತ್ತದೆ. ಮಳೆಗೆ ಜಗ್ಗದ ಈ ಆದಾಯ ಸಾಲಗಾರನ ದೃಷ್ಟಿಯಿಂದ ಉತ್ತಮ. ತಪಾಸಕ ಮಾತ್ರ ಬೇರೆ ಪ್ರಶ್ನೆ ಕೇಳಬೇಕು: ಫಲಕಗಳ ಕೆಳಗಿರುವ ಸರ್ವೆ ನಂಬರಿಗೆ ಬೆಳೆ ಸಾಲ ನವೀಕರಣವಾಗುತ್ತಿದೆಯೇ? ಅದಕ್ಕೆ ಬೆಳೆ ವಿಮೆಯ ಕಂತೂ ಕಡಿತವಾಗುತ್ತಿದೆಯೇ?

ಚಿನ್ನದ ಸಾಲ

ಮಳೆ ಕೈಕೊಟ್ಟ ಮೇಲೆ ಮನೆಯ ಚಿನ್ನ ಹೊರಬರುತ್ತದೆ. ಬೆಳೆ ಸಾಲ ನಿಂತ ಶಾಖೆಯಲ್ಲಿ ಚಿನ್ನದ ಸಾಲ ಏರಿದರೆ ಅದೂ ಬರದ ಲೆಕ್ಕವೇ. ಇಲ್ಲಿನ ನಿಯಂತ್ರಣಗಳು ಹಳೆಯವು, ಸರಳವಾದವು: ತಿಜೋರಿಗೆ ಇಬ್ಬರ ಕೀಲಿ, ಪರೀಕ್ಷಕರ ಬದಲಾವಣೆ, ಮುದ್ರೆಯ ಚೀಲ, ಹೇಳದೆ ಬಂದು ತೂಗುವುದು. ಅವು ಸಡಿಲವಾಗುವುದು ಒಬ್ಬನೇ ಪರೀಕ್ಷಕ ವರ್ಷಗಟ್ಟಲೆ ಅದೇ ಶಾಖೆಯಲ್ಲಿ ಕೂತಾಗ, ಇಬ್ಬರ ಕೀಲಿ ಒಬ್ಬರ ಮೇಜಿನ ಡ್ರಾಯರಿಗೆ ಬಂದಾಗ.

2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ ಸುಮಾರು 17 ಕಿಲೊ ಅಡವು ಚಿನ್ನ ಕಳವಾಯಿತು. ಕಳ್ಳರು ಹೊರಗಿನವರು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ 58 ಕಿಲೊಗೂ ಹೆಚ್ಚು ಚಿನ್ನ ಹೋಯಿತು. ಆ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರಲ್ಲಿ ಅಲ್ಲಿಂದ ವರ್ಗವಾಗಿದ್ದ ಮಾಜಿ ಮ್ಯಾನೇಜರೂ ಇದ್ದರು, ನಕಲಿ ಕೀಲಿ ಬಳಕೆಯಾಗಿದೆ ಎಂಬುದು ಪೊಲೀಸರ ಆರೋಪ. ಎರಡೂ ಕಳವು, ಆದರೆ ನಿಯಂತ್ರಣದ ದೃಷ್ಟಿಯಲ್ಲಿ ಬೇರೆ ಬೇರೆ ಜಾತಿ. ಮೊದಲನೆಯದಕ್ಕೆ ಕಿಟಕಿ, ಅಲಾರಾಂ, ಕಾವಲುಗಾರ ಉತ್ತರ. ಎರಡನೆಯದು ಕೇಳುವುದು ಅಧಿಕಾರಿ ವರ್ಗವಾದ ದಿನ ಬೀಗಗಳ ಗತಿ ಏನು ಎಂಬುದನ್ನು.

ಒಬ್ಬರೇ ಬಹುಕಾಲ ಒಂದೇ ಕುರ್ಚಿಯಲ್ಲಿ ಇರುವುದರ ಬೆಲೆಯನ್ನು ದೇಶ 2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯ ವಂಚನೆಯಲ್ಲಿ ಕಂಡಿದೆ. ಅದರ ಜೊತೆಗೆ ಅಲ್ಲಿ, ವಿದೇಶಿ ಬ್ಯಾಂಕುಗಳಿಗೆ ಸಂದೇಶ ಕಳಿಸುವ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಮುಖ್ಯ ಗಣಕ ವ್ಯವಸ್ಥೆಗೂ ಕೊಂಡಿಯೇ ಇರಲಿಲ್ಲ. ಒಂದರಲ್ಲಿ ಹೋದ ಖಾತರಿ ಪತ್ರ ಇನ್ನೊಂದರಲ್ಲಿ ದಾಖಲಾಗಲಿಲ್ಲ. ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷಕ್ಕೊಮ್ಮೆ ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ, ಮುನ್ಸೂಚನೆ ಇಲ್ಲದೆ, ಕಡ್ಡಾಯ ರಜೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಸ್ಪಷ್ಟಪಡಿಸಿತು. ಖರ್ಚಿಲ್ಲದ ನಿಯಂತ್ರಣಗಳಲ್ಲಿ ಇಷ್ಟು ಹರಿತವಾದದ್ದು ಕಡಿಮೆ.

ವಿಮೆ

ವಿಮಾ ವಲಯದ ಮೊದಲ ದೊಡ್ಡ ಪಾಠ ಹೂಡಿಕೆಯದು. 1956ರಲ್ಲಿ 245 ಸಂಸ್ಥೆಗಳನ್ನು ಕೂಡಿಸಿ ಹುಟ್ಟಿದ ಜೀವ ವಿಮಾ ನಿಗಮ, ಮರುವರ್ಷವೇ ತನ್ನ ಹೂಡಿಕೆ ಸಮಿತಿಯನ್ನು ಬದಿಗಿಟ್ಟು ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಸುಮಾರು 1.24 ಕೋಟಿ ರೂಪಾಯಿಯ ಷೇರು ಕೊಂಡಿತು. ಚಾಗ್ಲಾ ಆಯೋಗ ವಿಚಾರಣೆ ನಡೆಸಿತು, ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸಮಿತಿ ಇತ್ತು, ಅದನ್ನು ಕೇಳಲಿಲ್ಲ. ಇಂದು ವಿಮಾ ನಿಯಂತ್ರಣ ಪ್ರಾಧಿಕಾರ ಲೆಕ್ಕಪರಿಶೋಧನೆ, ಅಪಾಯ ನಿರ್ವಹಣೆ, ಹೂಡಿಕೆ, ಪಾಲಿಸಿದಾರರ ರಕ್ಷಣೆಗೆ ಪ್ರತ್ಯೇಕ ಸಮಿತಿಗಳನ್ನು ಕಡ್ಡಾಯ ಮಾಡಿದೆ. ಸಾಲ್ವೆನ್ಸಿ, ಅಂದರೆ ಹೊಣೆ ಕಳೆದು ಉಳಿಯುವ ಆಸ್ತಿ, ನಿಗದಿಪಡಿಸಿದ ಅಂಚಿನ ಕನಿಷ್ಠ ಒಂದೂವರೆ ಪಟ್ಟು ಇರಬೇಕೆಂಬ ನಿಯಮವಿದೆ.

ಹಳ್ಳಿಗೆ ಹತ್ತಿರವಾದ ವಿಮೆಗಳು ಬ್ಯಾಂಕ್ ಖಾತೆಯ ಮೂಲಕವೇ ಬರುತ್ತವೆ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ 436 ರೂಪಾಯಿ, ಪ್ರಧಾನಮಂತ್ರಿ ಸುರಕ್ಷಾ ವಿಮೆಯ 20 ರೂಪಾಯಿ ವರ್ಷಕ್ಕೊಮ್ಮೆ ಖಾತೆಯಿಂದ ತಾನಾಗಿ ಕಡಿತವಾಗುತ್ತವೆ. ಒಪ್ಪಿಗೆ ಪತ್ರ ಎಲ್ಲಿದೆ, ವಾರಸುದಾರನಿಗೆ ವಿಷಯ ಗೊತ್ತೇ ಎಂಬುದನ್ನು ಬ್ಯಾಂಕೂ ವಿಮಾ ಕಂಪನಿಯೂ ಪರಸ್ಪರರ ಕೆಲಸ ಎಂದುಕೊಳ್ಳುವ ಸಂಭವವೇ ಹೆಚ್ಚು.

ಈ ಸೀಮೆಯಲ್ಲಿ ವಿಷಯದ ಹೃದಯ ಬೆಳೆ ವಿಮೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿಗೆ ರೈತನ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ಇದು ಐಚ್ಛಿಕ. ಕರ್ನಾಟಕದಲ್ಲಿ ನೋಂದಣಿ 'ಸಂರಕ್ಷಣೆ' ಪೋರ್ಟಲಿನಲ್ಲಿ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಹಿಂದಿನ ಏಳು ವರ್ಷಗಳಲ್ಲಿ ಅತ್ಯುತ್ತಮ ಐದರ ಸರಾಸರಿಯಿಂದ ಮಿತಿ ಇಳುವರಿ ನಿಗದಿಯಾಗುತ್ತದೆ, ಬೆಳೆ ಕಟಾವು ಪ್ರಯೋಗದ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಪಾಲು ಪರಿಹಾರ. ಉದಾಹರಣೆಗೆ ಮಿತಿ 600 ಕಿಲೊ ಇದ್ದು ಪ್ರಯೋಗದಲ್ಲಿ 240 ಬಂದರೆ, ವಿಮಾ ಮೊತ್ತದ ಶೇ 60.

ಈ ಸರಪಳಿಯಲ್ಲಿ ಎಷ್ಟು ಕೈಗಳಿವೆ ನೋಡಿ. ರೈತ ಬೆಳೆಯ ಹೆಸರು ಹೇಳುತ್ತಾನೆ. ಬ್ಯಾಂಕಿನ ಸಿಬ್ಬಂದಿ, ಗಡುವಿನ ಕೊನೆಯ ದಿನಗಳ ನೂಕುನುಗ್ಗಲಲ್ಲಿ, ಅದನ್ನು ಪೋರ್ಟಲಿಗೆ ಏರಿಸುತ್ತಾರೆ. ಬೆಳೆ ಸಮೀಕ್ಷೆಯಲ್ಲಿ ಇನ್ನೊಬ್ಬರು ಫೋಟೊ ತೆಗೆದು ಪಹಣಿಗೆ ಸೇರಿಸುತ್ತಾರೆ. ಕಟಾವು ಪ್ರಯೋಗ ಇಲಾಖೆಗಳದು. ಪರಿಹಾರ ಕಂಪನಿಯದು. ಪ್ರತಿ ಸಂಸ್ಥೆಯ ಒಳ ತಪಾಸಣೆಯೂ ತನ್ನ ಪಾಲಿನ ಕೆಲಸ ಸರಿಯಿದೆ ಎಂದು ಷರಾ ಬರೆಯಬಹುದು, ಆದರೂ ರೈತನಿಗೆ ಹಣ ಬಾರದಿರಬಹುದು. ನೋಂದಣಿಯಲ್ಲಿ ಶೇಂಗಾ, ಸಮೀಕ್ಷೆಯಲ್ಲಿ ರಾಗಿ ಎಂದಿದ್ದರೆ ಅರ್ಜಿ ತಿರಸ್ಕಾರ. ಈ ಸೀಮೆಯ ಹೊಲದಲ್ಲಿ ಶೇಂಗಾ ಸಾಲಿನ ನಡುವೆ ಅಕ್ಕಡಿಯಾಗಿ ತೊಗರಿ, ಅವರೆ ಇರುತ್ತವೆ. ವಿಮೆಯ ನೋಂದಣಿ ಕೇಳುವುದು ಒಂದು ಹೆಸರು. ಸಮೀಕ್ಷೆಗೆ ಬಂದವರು ಯಾವ ಸಾಲಿನೆದುರು ನಿಂತು ಫೋಟೊ ತೆಗೆದರು ಎಂಬುದರ ಮೇಲೆ ಪರಿಹಾರ ನಿಂತಿರುತ್ತದೆ.

ಬ್ಯಾಂಕಿನ ತಪ್ಪಿನಿಂದ ರೈತ ಪರಿಹಾರ ಕಳೆದುಕೊಂಡರೆ ಹೊಣೆ ಬ್ಯಾಂಕಿನದೇ ಎಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಹಾಗಿದ್ದ ಮೇಲೆ ಬೆಳೆಯ ಹೆಸರು ತಪ್ಪಾಗಿ ಏರಿಸುವುದು ಬ್ಯಾಂಕಿನ ಸ್ವಂತ ಆರ್ಥಿಕ ಅಪಾಯ. ಶಾಖೆಯ ಅಪಾಯ ಪಟ್ಟಿಯಲ್ಲಿ ತಿಜೋರಿಯ ಕೀಲಿಯ ಪಕ್ಕದಲ್ಲೇ ಅದಕ್ಕೂ ಜಾಗ ಬೇಕು. ನೂರು ನೋಂದಣಿಗಳನ್ನು ಆರಿಸಿ ಸಮೀಕ್ಷೆಯ ದಾಖಲೆಯೊಡನೆ ಹಂಗಾಮು ಮುಗಿಯುವ ಮೊದಲೇ ತಾಳೆ ನೋಡುವುದು ಒಬ್ಬ ತಪಾಸಕನಿಗೆ ಅಸಾಧ್ಯವಾದ ಕೆಲಸವೇನಲ್ಲ.

ಕಟಾವು ಪ್ರಯೋಗದ ಸಮಸ್ಯೆ ಬೇರೆ. ಊರವರಿಗೆ ಇಳುವರಿ ಕಡಿಮೆ ಬರಬೇಕು, ಕಂಪನಿಗೆ ಹೆಚ್ಚು ಬರಬೇಕು, ತೂಗುವವರು ಇಬ್ಬರ ನಡುವೆ ತಕ್ಕಡಿ ಹಿಡಿದು ನಿಂತಿರುತ್ತಾರೆ. ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ, ಯಾದೃಚ್ಛಿಕವಾಗಿ ಆರಿಸಿದ ಹೊಲ, ಸ್ಥಳದ ಗುರುತಿರುವ ಫೋಟೊ, ಕಂಪನಿಯ ಪ್ರತಿನಿಧಿಯ ಹಾಜರಿ: ಇವೆಲ್ಲ ಈ ಎಳೆದಾಟಕ್ಕೆ ಹಾಕಿದ ಕಡಿವಾಣ. ಅಡಿಕೆಯಂಥ ತೋಟದ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ತಕ್ಕಡಿಯ ಜಾಗಕ್ಕೆ ಮಳೆಮಾಪಕ ಬರುತ್ತದೆ. ಪಂಚಾಯಿತಿ ಕಟ್ಟಡದ ಬಳಿ ಬಿದ್ದ ಮಳೆ ನಾಲ್ಕು ಕಿಲೊಮೀಟರ್ ಆಚೆಯ ತೋಟಕ್ಕೂ ಬಿದ್ದಿತೆಂದು ಭಾವಿಸಬೇಕಾಗುತ್ತದೆ. ಕೊರಟಗೆರೆ, ಮಧುಗಿರಿಯ ಗುಡ್ಡದ ಮಗ್ಗುಲಲ್ಲಿ ಈ ಭಾವನೆ ಎಷ್ಟು ಸಲ ಸುಳ್ಳಾಗುತ್ತದೆಂದು ಬೇಸಾಯಗಾರರನ್ನು ಕೇಳಿದರೆ ತಿಳಿಯುತ್ತದೆ.

ಠೇವಣಿದಾರ

ನಿಯಂತ್ರಣ ಕುಸಿದಾಗ ಕೊನೆಯ ಪೆಟ್ಟು ಠೇವಣಿದಾರನಿಗೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ತಲಾ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿತು. ಠೇವಣಿ ಇಟ್ಟವರಲ್ಲಿ ನಿವೃತ್ತರೇ ಬಹಳ. ಮರು ತಿಂಗಳು, ಫೆಬ್ರುವರಿ 4ರಿಂದ, ದೇಶದ ಬ್ಯಾಂಕ್ ಠೇವಣಿಗಳ ವಿಮಾ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. 2021ರ ತಿದ್ದುಪಡಿ ನಿರ್ಬಂಧ ಬಿದ್ದ 90 ದಿನದೊಳಗೆ ಆ ಹಣ ಕೊಡಿಸುವ ದಾರಿ ಮಾಡಿತು.

ಈ ರಕ್ಷಣೆ ಬ್ಯಾಂಕುಗಳಿಗೆ ಮಾತ್ರ. ವ್ಯವಸಾಯ ಸೇವಾ ಸಹಕಾರ ಸಂಘ, ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ಹಣಕ್ಕೆ ಅದಿಲ್ಲ. ಅರ್ಧ ರೂಪಾಯಿ ಹೆಚ್ಚು ಬಡ್ಡಿಗೆ ಅಲ್ಲಿ ಠೇವಣಿ ಇಡುವವರು ಸಂಘದ ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕಪರಿಶೋಧನಾ ವರದಿಯನ್ನು ಓದಿ ಹೇಳಿಸಿ, ಲೆಕ್ಕಪರಿಶೋಧಕರ ಆಕ್ಷೇಪಗಳಿಗೆ ಆಡಳಿತ ಮಂಡಳಿ ಕೊಟ್ಟ ಉತ್ತರವನ್ನು ಕೇಳಬೇಕು. ಊಟದ ಕೂಪನ್ ಹಂಚುವ ಮೊದಲೇ ಕೇಳಬೇಕು.